ಬ್ರಹ್ಮಪುರದ ಗಲ್ಲಿಯ ಬೇವು: ಹಗುರ ಹಗ್ಗದಿಂದ ಮರ ಇಳಿಸಿದ ಒಂದು ಪ್ರಕರಣ

ಕಲಬುರಗಿಯ ಬ್ರಹ್ಮಪುರ ಕಡೆ, ಒಂದಕ್ಕೊಂದು ಅಂಟಿಕೊಂಡ ಹಳೇ ಮನೆಗಳ ಮಧ್ಯೆ ಒಂದು ಬೇವಿನ ಮರ ಇತ್ತು. ಮೂರು ಅಂತಸ್ತಿನಷ್ಟು ಎತ್ತರ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಕಾಂಡ ಎರಡಾಗಿ ಕವಲೊಡೆದಿತ್ತು. ಎರಡೂ ಕೊಂಬೆ ದಪ್ಪಗಾಗುತ್ತಾ ಹೋದಾಗ ಮಧ್ಯದಲ್ಲಿ ತೊಗಟೆ ಸಿಕ್ಕಿಹಾಕಿಕೊಂಡಿತ್ತು. ಹೊರಗಿಂದ ನೋಡಿದರೆ ಗಟ್ಟಿ ಕವಲು, ಒಳಗೆ ಮಾತ್ರ ಕಟ್ಟಿಗೆಗೆ ಕಟ್ಟಿಗೆ ಕೂಡಿಯೇ ಇರಲಿಲ್ಲ. ಮೇ ತಿಂಗಳ ಬಿರುಗಾಳಿಗೆ ಅದು ಸೀಳಿತು. ಸೀಳಿನೊಳಗೆ ಕೈಬೆರಳು ಹೋಗುತ್ತಿತ್ತು.

ಪೂರ್ವದ ಕೊಂಬೆ ಪಕ್ಕದ ಮನೆಯ ಮಾಳಿಗೆ ಮೇಲೆ ಬಾಗಿತ್ತು. ಪಶ್ಚಿಮದ್ದು ನೆಟ್ಟಗೆ, ಮನೆಯವರ ಅಂಗಳದ ಮೇಲೇ ಇತ್ತು. ಮನೆ ಯಜಮಾನರು ನಿವೃತ್ತ ಮಾಸ್ತರು. ಅವರಿಗೆ ಬೇವು ಕಡಿಸೋದು ಮನಸ್ಸಿಗೆ ಬಂದಿರಲಿಲ್ಲ. ಆದರೆ ಪಕ್ಕದ ಮನೆಯ ಅವ್ವ ದಿನಾ ಬಂದು ಮೇಲೆ ನೋಡಿ ಹೋಗುತ್ತಿದ್ದರು. "ಮಾಸ್ತರ, ನಿಮ್ಮ ಗಿಡ ನನ್ನ ತಲಿ ಮ್ಯಾಲ ನಿಂತದ" ಅನ್ನೋದು ಅವರ ಒಂದೇ ಮಾತು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ಮಾಳಿಗೆ ಶಹಾಬಾದ್ ಪರಸಿಯದ್ದು. ತೊಲೆಗಳ ಮೇಲೆ ಕಲ್ಲು ಹಾಸಿ ಮೇಲೆ ಗಚ್ಚು ಹಾಕಿದ್ದು. ಅದರ ಮೇಲೆ ಹತ್ತು ಮಂದಿ ಕೂತು ಹಪ್ಪಳ ಒಣಗಿಸಿದರೂ ಏನೂ ಆಗೋದಿಲ್ಲ. ಆದರೆ ಕಟ್ಟಿಗೆ ತುಂಡು ಮೂಲೆಯಿಂದ ಬಂದು ಬಡಿದರೆ ಪರಸಿ ಬಾಗಿ ತಡೆದುಕೊಳ್ಳೋದಿಲ್ಲ, ಒಡೆದೇ ಹೋಗುತ್ತದೆ. ಕೆಳಗೆ ಅವ್ವನ ಅಡಿಗೆಮನೆ.

ಗಲ್ಲಿಗೆ ಕ್ರೇನ್ ಬರೋ ಮಾತೇ ಇಲ್ಲ. ಟಂಟಂ ಕೂಡ ರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿಂದ ಸಾಮಾನು ಹೊತ್ತುಕೊಂಡು, ಮಾಸ್ತರ ಪಡಸಾಲೆ ದಾಟಿ, ಹಿಂದಿನ ಅಂಗಳಕ್ಕೆ ಹೋಗಬೇಕು. ಮರವನ್ನು ತುಂಡು ತುಂಡಾಗಿ ಕೊಯ್ದು ಹಗ್ಗದಿಂದ ಇಳಿಸೋದು ನಮ್ಮ ಕೆಲಸ. ನಮ್ಮದು ಮೂರೇ ಮಂದಿಯ ತಂಡ: ಹತ್ತುವ ಹುಡುಗ, ಕೆಳಗೆ ಹಗ್ಗ ಹಿಡಿಯುವವನು, ಎರಡೂ ಕಡೆ ಕಣ್ಣಿಟ್ಟು ನಿಲ್ಲುವ ನಾನು.

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಖಾಸಗಿ ಜಾಗದ ಬೇವಾದರೂ ಸುಮ್ನೆ ಕಡಿಯೋ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಸೀಳಿನ ಫೋಟೋ ಹಚ್ಚಿ ಮಾಸ್ತರು ಅರ್ಜಿ ಕೊಟ್ಟರು, ಅಧಿಕಾರಿಗಳು ಬಂದು ನೋಡಿ ಒಪ್ಪಿಗೆ ಕೊಟ್ಟರು. ಕೊಂಬೆ ಪಕ್ಕದಲ್ಲೇ ಹೋಗಿದ್ದ ಸರ್ವಿಸ್ ವೈರನ್ನು ಜೆಸ್ಕಾಂ ಲೈನ್‌ಮನ್ ಬಿಚ್ಚಿಕೊಟ್ಟರು. ಇವೆರಡೂ ಆಗುವವರೆಗೆ ನಾವು ಮರ ಮುಟ್ಟಲಿಲ್ಲ.

ಮುಂದೆ ಉಳಿದದ್ದು ಸಾಮಾನಿನ ಪ್ರಶ್ನೆ.

ಬಕೆಟ್‌ನಲ್ಲಿ ತೇಲಿದ ಹಗ್ಗ

ನಾವು ಬರೋ ಮೊದಲೇ ಮಾಸ್ತರು ಬಜಾರಿನಿಂದ ನೀಲಿ ಬಣ್ಣದ ದಪ್ಪ ಹಗ್ಗ ತಂದಿಟ್ಟಿದ್ದರು. "ನೈಲಾನ್ ಅದ ಅಂದಾರ್ರೀ, 16 ಎಂಎಂ. ಆನಿ ಕಟ್ಟಿದರೂ ಹರಿಯೂದಿಲ್ಲಂತ." ನಾನು ಅದರ ತುದಿ ಗೇಣುದ್ದ ಕತ್ತರಿಸಿ ಬಕೆಟ್ ನೀರಿಗೆ ಹಾಕಿದೆ. ತೇಲಿತು. ಬೆರಳಿಂದ ಒತ್ತಿ ಮುಳುಗಿಸಿದರೂ ಮತ್ತೆ ಮೇಲೆ ಬಂತು.

ನೈಲಾನ್ ನೀರಲ್ಲಿ ಮುಳುಗುತ್ತದೆ, ಪಾಲಿಯೆಸ್ಟರ್ ಅದಕ್ಕಿಂತ ಬೇಗ ಮುಳುಗುತ್ತದೆ. ಈ ಮೂರರಲ್ಲಿ ತೇಲೋದು ಪಾಲಿಪ್ರೊಪಿಲೀನ್. ಬಜಾರಿನಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಹಗ್ಗಕ್ಕೆಲ್ಲ ನೈಲಾನ್ ಅಂತಲೇ ಹೆಸರು. ಬಾವಿಗೆ ಬಿಡೋಕೆ, ಸರಕು ಕಟ್ಟೋಕೆ ಅದು ಚಲೋನೇ. ಮರ ಇಳಿಸೋಕೆ ಯಾಕೆ ಬೇಡ ಅಂದರೆ, ಅದು 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಭಾರ ಹೊತ್ತ ಹಗ್ಗ ಕಾಂಡದ ಸುತ್ತ ಜಾರುವಾಗ ಹುಟ್ಟುವ ಬಿಸಿಗೆ ಅದರ ಮೈ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ನಮ್ಮ ಊರಿನ ಬಿಸಿಲು ಬೇರೆ. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದ ಪಾಲಿಪ್ರೊಪಿಲೀನ್ ಹಗ್ಗವನ್ನು ಕೈಯಲ್ಲಿ ಉಜ್ಜಿ ನೋಡಿ, ಪುಡಿ ಉದುರುತ್ತದೆ.

ಪಾಲಿಯೆಸ್ಟರ್ ಕರಗೋದು 250 ಡಿಗ್ರಿ ದಾಟಿದ ಮೇಲೆ. ಬಿಸಿಲಿಗೂ ಬಾಳಿಕೆ ಬರುತ್ತದೆ, ಒದ್ದೆಯಾದರೂ ಬಲ ಕಳೆದುಕೊಳ್ಳೋದಿಲ್ಲ. ನಿಜವಾದ ನೈಲಾನ್ ಒದ್ದೆಯಾದರೆ ಸ್ವಲ್ಪ ಸೊರಗುತ್ತದೆ, ಎಳೆದರೆ ಜಾಸ್ತಿ ಹಿಗ್ಗುತ್ತದೆ. ಪರಸಿ ಮಾಳಿಗೆಗೆ ಆಳುದ್ದದ ಅಂತರವೂ ಇಲ್ಲದ ಕಡೆ ಹಿಗ್ಗುವ ಹಗ್ಗ ಬೇಡವೇ ಬೇಡ. ತುಂಡು ಹಗ್ಗಕ್ಕೆ ಜೋತುಬಿದ್ದ ಮೇಲೂ ಗೇಣುಗಟ್ಟಲೆ ಕೆಳಗಿಳಿದು ಕಲ್ಲಿಗೆ ಮುತ್ತಿಡುತ್ತದೆ.

ಹೀಗಾಗಿ ಇಳಿಸುವ ಹಗ್ಗ ಪಾಲಿಯೆಸ್ಟರ್ ಅನ್ನೋದು ಅಲ್ಲೇ ತೀರ್ಮಾನ ಆಯಿತು. ಎಷ್ಟು ದಪ್ಪದ್ದು ಅನ್ನೋದು ಮಾತ್ರ ಉಳಿಯಿತು.

16 ಬೇಕಾ, 12 ಸಾಕಾ?

ನಮ್ಮ ಹತ್ತಿರ ಎರಡು ಜೋಡಿ ಸಾಮಾನಿದೆ. ಒಂದು ಭಾರದ್ದು: 16 ಮಿಲಿಮೀಟರ್ ಪಾಲಿಯೆಸ್ಟರ್ ಹಗ್ಗ, ಉಕ್ಕಿನ ದೊಡ್ಡ ರಾಟೆ, ಹಗ್ಗ ಸುತ್ತಿ ತಡೆಯೋಕೆ ಕಾಂಡಕ್ಕೆ ಬಿಗಿಯುವ ದಪ್ಪ ಡ್ರಮ್ಮು. ಇನ್ನೊಂದು ಹಗುರದ್ದು: 12 ಮಿಲಿಮೀಟರ್ ಜೋಡಿ ಹೆಣಿಗೆಯ ಪಾಲಿಯೆಸ್ಟರ್, ರಾಟೆ ಬದಲು ಅಲ್ಯೂಮಿನಿಯಮ್ ಬಳೆಗಳು, ಕೆಳಗೆ ಹಗ್ಗ ಸುತ್ತಿ ತಡೆಯೋಕೆ ಪೋರ್ಟಾ ರ್ಯಾಪ್ ಅನ್ನೋ ಚಿಕ್ಕ ಲೋಹದ ಕೊಳವೆ. 45 ಮೀಟರ್ ಹಗ್ಗ ಸೇರಿಸಿ ಹಗುರ ಜೋಡಿ ಸುಮಾರು 10 ಕೆ.ಜಿ. ಭಾರದ್ದು ಅದರ ಎರಡೂವರೆ ಪಟ್ಟು ತೂಗುತ್ತದೆ.

ಹಗ್ಗದಲ್ಲೇ ತೂಕ ಉಳಿಯುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. 45 ಮೀಟರಿಗೆ 16ರ ಹಗ್ಗ 9 ಕೆ.ಜಿ., 12ರದ್ದು 5 ಕೆ.ಜಿ. ಉಳಿದದ್ದು ನಾಲ್ಕು ಕೆ.ಜಿ. ಅಷ್ಟೇ. ನಿಜವಾದ ಉಳಿತಾಯ ಲೋಹದಲ್ಲಿ. ಆ ಲೋಹವನ್ನು ಮೇಲೆ ಒಯ್ಯೋನು ಹತ್ತುವ ಹುಡುಗ. 42 ಡಿಗ್ರಿ ಬಿಸಿಲಲ್ಲಿ, ಸೊಂಟದ ಬೆಲ್ಟಿಗೆ ನಾಲ್ಕು ಕೆ.ಜಿ.ಯ ಉಕ್ಕಿನ ರಾಟೆ ನೇತುಹಾಕಿಕೊಂಡು ಒಂದು ಕೊಂಬೆಯಿಂದ ಇನ್ನೊಂದಕ್ಕೆ ದಾಟೋದು ಬೇರೆ, ಕೆಲವು ನೂರು ಗ್ರಾಂ ಬಳೆ ಒಯ್ಯೋದು ಬೇರೆ. ದಣಿದವನು ಗಂಟು ನೆಟ್ಟಗೆ ಹಾಕೋದಿಲ್ಲ. ನನಗೆ ಹಗುರ ಸಾಮಾನಿನ ಮೇಲೆ ಪ್ರೀತಿ ಬಂದದ್ದೇ ಈ ಕಾರಣಕ್ಕೆ.

ಆದರೆ ಈ ಮರಕ್ಕೆ ಹಗುರದ್ದನ್ನೇ ಆರಿಸಿದ್ದು ದಣಿವಿನ ಲೆಕ್ಕದಿಂದಲ್ಲ, ಸೀಳಿನ ಲೆಕ್ಕದಿಂದ.

12ರ ಹಗ್ಗದ ಚೀಟಿ ಮೇಲೆ ಹರಿಯುವ ತೂಕ 3,000 ಕೆ.ಜಿ. ಅಂತ ಇದೆ. ಮರ ಇಳಿಸುವವರು ಅದರ ಹತ್ತನೇ ಒಂದು ಭಾಗವನ್ನಷ್ಟೇ ದುಡಿಸಿಕೊಳ್ಳುತ್ತಾರೆ, ಅಂದರೆ 300. ಇದು ಅಂಜುಬುರುಕತನ ಅಲ್ಲ. ಗಂಟು ಹಾಕಿದ ಕೂಡಲೇ ಹಗ್ಗದ ಬಲ ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹೋಗುತ್ತದೆ. ಬಳೆಯ ಸಣ್ಣ ತಿರುವಿನಲ್ಲಿ ಬಾಗಿದಾಗ ಇನ್ನಷ್ಟು ಹೋಗುತ್ತದೆ. ಸವೆತ, ಮಣ್ಣು, ಬಿಸಿಲು, ಎಲ್ಲ ಸೇರಿ ಆ ಹತ್ತು ಪಟ್ಟನ್ನು ತಿನ್ನುತ್ತಾ ಬರುತ್ತವೆ. 16ರ ಹಗ್ಗ ತಂದಿದ್ದರೆ ಈ 300 ಸುಲಭವಾಗಿ 500 ದಾಟುತ್ತಿತ್ತು.

ದಾಟಿ ಏನು ಮಾಡೋದು? ಹಗ್ಗ ತೂಗುಬೀಳೋದು ಅದೇ ಸೀಳಿದ ಮರಕ್ಕೆ. ಪೂರ್ವದ ಕೊಂಬೆಯನ್ನು ಪಶ್ಚಿಮದ ಕೊಂಬೆಗೆ ಹಗ್ಗ ಹಾಕಿ ಇಳಿಸಬೇಕು. ಪಶ್ಚಿಮದ್ದೋ, ಅದೇ ಸೀಳಿನ ಇನ್ನೊಂದು ಮಗ್ಗುಲು. ಹಗ್ಗ 16 ಮಾಡಿದರೆ ಮರ ಗಟ್ಟಿ ಆಗೋದಿಲ್ಲ. ದೊಡ್ಡ ಹಗ್ಗ ಕೈಯಲ್ಲಿದ್ದರೆ ಆಗೋದು ಇಷ್ಟೇ: ಹತ್ತಿದವನು ದೊಡ್ಡ ತುಂಡು ಕೊಯ್ಯುತ್ತಾನೆ. ಬಲವಾದ ಸಾಮಾನು ನಮ್ಮಿಂದ ದೊಡ್ಡ ತುಂಡು ಕೊಯ್ಯಿಸುತ್ತದೆ, ಆ ಭಾರ ಹೋಗಿ ಕೂರೋದು ಎಲ್ಲಕ್ಕಿಂತ ಬಲಹೀನ ಜಾಗದ ಮೇಲೆ.

ಅದಕ್ಕೇ ಮೊದಲು ತುಂಡಿನ ತೂಕ ಗೊತ್ತುಮಾಡಿದೆವು. ಒಂದು ತುಂಡು 50 ಕೆ.ಜಿ. ಮೀರಬಾರದು. ಸಾಮಾನು ಆರಿಸಿದ್ದು ಅದಾದ ಮೇಲೆ.

ಸೀಮೆಸುಣ್ಣದ ಗೆರೆ

ಹಸಿ ಕಟ್ಟಿಗೆ ಒಂದು ಘನ ಮೀಟರಿಗೆ ಒಂದು ಟನ್ ಅಂತ ಹಿಡಿದರೆ ಲೆಕ್ಕ ಸುಲಭ, ಜಾಸ್ತಿ ಕಡೆಗೇ ತಪ್ಪುತ್ತದೆ, ಅದು ಒಳ್ಳೇದೇ. 20 ಸೆಂಟಿಮೀಟರ್ ದಪ್ಪದ ಕೊಂಬೆ ಮೀಟರಿಗೆ 31 ಕೆ.ಜಿ. 30 ಸೆಂಟಿಮೀಟರ್ ಆದರೆ 70. 40 ಆದರೆ 125. ದಪ್ಪ ದುಪ್ಪಟ್ಟಾದರೆ ತೂಕ ನಾಲ್ಕು ಪಟ್ಟು. ಕಣ್ಣಳತೆ ಮೋಸ ಮಾಡೋದು ಇಲ್ಲೇ.

ಅಂದರೆ 50 ಕೆ.ಜಿ. ಒಳಗಿರಬೇಕಾದರೆ 20ರ ಕೊಂಬೆ ಒಂದೂವರೆ ಮೀಟರ್ ಕೊಯ್ಯಬಹುದು, 30ರದ್ದು 70 ಸೆಂಟಿಮೀಟರ್, 40ರದ್ದು 40 ಸೆಂಟಿಮೀಟರ್. ಹುಡುಗ ಸೊಂಟದಲ್ಲಿ ಸೀಮೆಸುಣ್ಣ ಇಟ್ಟುಕೊಂಡಿದ್ದ. ಟೇಪು ಸುತ್ತಿ, ಗೆರೆ ಎಳೆದು, ಆಮೇಲೆ ಗರಗಸ. ಕೆಳಗಿಂದ ನೋಡುತ್ತಿದ್ದ ಓಣಿಯ ಮಂದಿಗೆ ನಗು. "ಏನಪಾ, ಅಂಗಿ ಹೊಲಿಯಾಕ ಹತ್ತೀದೇನು?" ಅಂದರು ಯಾರೋ. ಎಲೆ ತುಂಬಿದ ತುದಿಗಳಿಗೆ ಮಾತ್ರ ಈ ಲೆಕ್ಕ ನಡೆಯೋದಿಲ್ಲ. ಮೇ ತಿಂಗಳಲ್ಲಿ ಬೇವು ಹೊಸ ಎಲೆ ಹೊತ್ತು ನಿಂತಿರುತ್ತದೆ. ಅಲ್ಲಿ ಲೆಕ್ಕಕ್ಕಿಂತ ಸಣ್ಣದಾಗಿ ಕೊಯ್ಯೋದೇ ದಾರಿ.

ಪೂರ್ವದ ಕೊಂಬೆ

ಬೆಳಿಗ್ಗೆ ಆರಕ್ಕೆಲ್ಲ ಶುರು. ಮೊಟ್ಟಮೊದಲು ಸೀಳಿನ ಮೇಲ್ಭಾಗಕ್ಕೆ, ಎರಡೂ ಕೊಂಬೆ ಸೇರಿಸಿ, ಲಾರಿಯವರು ಸರಕು ಬಿಗಿಯುವ ರ್ಯಾಚೆಟ್ ಬೆಲ್ಟ್ ಎರಡು ಸುತ್ತಿ ಬಿಗಿದೆವು. ಇದಕ್ಕೂ ಇಳಿಸುವ ಹಗ್ಗಕ್ಕೂ ಸಂಬಂಧ ಇಲ್ಲ. ಬಾಯಿ ಇನ್ನಷ್ಟು ಬಿಡದಿರಲಿ ಅಂತಷ್ಟೇ.

ಪಶ್ಚಿಮದ ಕೊಂಬೆಯ ಎತ್ತರದಲ್ಲಿ ಬಳೆ ಕಟ್ಟಿದ್ದು ಡೈನೀಮಾ ಸ್ಲಿಂಗಿನಿಂದ, ಅಂದರೆ ಕೊಂಬೆಗೆ ಸುತ್ತಿ ಕಟ್ಟುವ ಕುಣಿಕೆಯಿಂದ. ಡೈನೀಮಾ ಅಂದರೆ ಉಕ್ಕಿನ ತಂತಿಯನ್ನೂ ಮೀರಿಸುವ ನಾರು, ತೂಕ ಮಾತ್ರ ಇಲ್ಲವೇ ಇಲ್ಲ ಅನ್ನಬೇಕು. ಹಾಗಾದರೆ ಇಳಿಸುವ ಹಗ್ಗವನ್ನೂ ಅದರಲ್ಲೇ ತರಬಹುದಲ್ವಾ ಅಂತ ಕೇಳುತ್ತಾರೆ. ಬೇಡ. ಅದು 150 ಡಿಗ್ರಿ ಹತ್ತಿರವೇ ಕರಗುತ್ತದೆ, ಹಿಗ್ಗೋದಿಲ್ಲ, ಮೈ ಜಾರಿಕೆ, ಸಾಮಾನ್ಯ ಗಂಟು ಅದರಲ್ಲಿ ಬಿಚ್ಚಿಹೋಗಬಹುದು. ಒಂದೇ ಕಡೆ ಕೂತು ಭಾರ ಹೊರುವ ಜಾಗಕ್ಕೆ ಡೈನೀಮಾ, ಓಡಾಡುವ ಜಾಗಕ್ಕೆ ಪಾಲಿಯೆಸ್ಟರ್. ಹಗುರ ಸಾಮಾನು ಕೊಳ್ಳುವವರು ಮೊದಲು ಎಡವೋದು ಇಲ್ಲೇ. ಬಲ ನೋಡಿ ಕೊಳ್ಳುತ್ತಾರೆ, ಬಿಸಿ ನೋಡೋದಿಲ್ಲ.

ರಾಟೆ ಬಿಟ್ಟು ಬಳೆ ಯಾಕೆ? ಚೆನ್ನಾಗಿ ತಿರುಗುವ ರಾಟೆಯ ಒಂದು ಬದಿಗೆ 50 ಕೆ.ಜಿ. ತುಂಡು ತೂಗಿದರೆ, ಇನ್ನೊಂದು ಬದಿಯಿಂದ ಕೆಳಗಿನವನೂ 50 ಕೆ.ಜಿ.ಯಷ್ಟೇ ಎಳೆದು ಹಿಡಿಯಬೇಕು. ಎರಡೂ ಸೇರಿ ಮರದ ಮೇಲೆ 100. ಬಳೆ ತಿರುಗೋದಿಲ್ಲ, ಹಗ್ಗ ಅದರ ಮೈ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಆ ಉಜ್ಜಾಟವೇ ಅರ್ಧದ ಹತ್ತಿರ ಭಾರ ತಡೆಯುತ್ತದೆ. ಕೆಳಗಿನವನಿಗೆ ಬರೋದು ಹೆಚ್ಚೆಂದರೆ 30, ಮರಕ್ಕೆ 80. ಸೀಳಿದ ಮರದಲ್ಲಿ ಈ 20 ಕೆ.ಜಿ. ಪುಕ್ಕಟೆ ಸಿಕ್ಕ ಹಾಗೆ.

ಪುಕ್ಕಟೆ ಅಂದದ್ದು ಪೂರ್ತಿ ನಿಜ ಅಲ್ಲ. ಬಳೆಗೂ ಬೆಲೆ ಇದೆ. ಕೆಳಗಿನಿಂದ ಎಳೆದು ತುಂಡನ್ನು ಮೇಲಕ್ಕೆತ್ತಬೇಕಾದರೆ ಅದೇ ಉಜ್ಜಾಟ ಶತ್ರುವಾಗುತ್ತದೆ. 50 ಎತ್ತೋಕೆ 90ರಷ್ಟು ಎಳೆಯಬೇಕು. ಮಾಳಿಗೆಗೆ ತಾಗಿಕೊಂಡೇ ಇದ್ದ ಕೊನೆಯ ಅಡ್ಡಕೊಂಬೆಯಲ್ಲಿ ಇದೇ ಗತಿ ಬಂತು. ಅದನ್ನು ಕೊಯ್ಯುವ ಮೊದಲು ಹಗ್ಗ ಬಿಗಿಯಾಗಿ, ಕೊಂಬೆಯನ್ನು ತುಸು ಮೇಲಕ್ಕೆ ಹಿಡಿದಿರಬೇಕಿತ್ತು. ಅಲ್ಲಿ ಬಳೆ ತೆಗೆದು ಚಿಕ್ಕ ಅಲ್ಯೂಮಿನಿಯಮ್ ರಾಟೆ ಹಾಕಿದೆವು. ಬುಡಕ್ಕೊಂದು ಹಗ್ಗ, ತುದಿಗೊಂದು ಹಗ್ಗ. ಕೊಯ್ದ ಮೇಲೆ ಕೊಂಬೆ ತೊಟ್ಟಿಲ ಹಾಗೆ ಅಡ್ಡಡ್ಡ ತೂಗಿ, ನಿಧಾನಕ್ಕೆ ಅಂಗಳದ ಕಡೆ ತಿರುಗಿ ಬಂತು. ಅವ್ವ ಮಾಳಿಗೆ ಮೇಲೆ ನಿಂತು ನೋಡುತ್ತೇನೆ ಅಂದಿದ್ದರು. ಕೈಮುಗಿದು ಕೆಳಗೆ ಇಳಿಸಿದ್ದು ಈ ಪ್ರಕರಣದ ಕಷ್ಟದ ಕೆಲಸಗಳಲ್ಲಿ ಒಂದು.

ತುಂಡಿಗೆ ಹಗ್ಗ ಕಟ್ಟುವಾಗ ಕ್ಯಾರಬೀನರ್, ಅಂದರೆ ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ, ಬಳಸಲಿಲ್ಲ. ಅದು ಉದ್ದಕ್ಕೆ ಎಳೆದರಷ್ಟೇ ಬಲ. ತುಂಡು ಹೊರಳಿ ಅಡ್ಡಕ್ಕೆ ಸಿಕ್ಕರೆ ಬಲ ಮೂರನೇ ಒಂದಕ್ಕೆ ಇಳಿಯುತ್ತದೆ. ಬದಲು ಜಾರುವ ಬೋಲೈನ್ ಗಂಟು, ಅದರ ಹಿಂದೆ ಒಂದು ಅರ್ಧ ಸುತ್ತು. ಹುಡುಗ ಹಗ್ಗವನ್ನು ಕೊಂಬೆ ಸುತ್ತ ತಂದು, ಗಂಟನ್ನು ಎದೆ ಹತ್ತಿರ ಹಾಕಿ, ಬಾಲ ಒಂದು ಗೇಣಾದರೂ ಉಳಿದಿದೆಯಾ ನೋಡಿ, ಹೆಬ್ಬೆರಳಿಂದ ಗಂಟನ್ನು ತೊಗಟೆ ಕಡೆ ತಳ್ಳಿ ಕೂರಿಸುತ್ತಿದ್ದ. ಪ್ರತಿ ಸಲವೂ ಅದೇ ಕ್ರಮ. ಲೋಹ ಒಂದು ಗ್ರಾಂ ಇಲ್ಲ. ಇದಕ್ಕಿಂತ ಹಗುರ ಸಾಮಾನು ಯಾರೂ ಮಾರೋದಿಲ್ಲ.

ಕೆಳಗೆ ಚಿಕ್ಕ ಪೋರ್ಟಾ ರ್ಯಾಪ್ ಬುಡಕ್ಕೆ ಕಟ್ಟಿತ್ತು. ಇಲ್ಲಿ ಹಿಡಿತ ಒಂದೊಂದು ಸುತ್ತಿಗೆ ಕೂಡುತ್ತಾ ಹೋಗೋದಿಲ್ಲ, ಗುಣಿಸುತ್ತಾ ಹೋಗುತ್ತದೆ. ಒಂದು ಸುತ್ತಿಗೆ ಭಾರ ಮೂರೂವರೆ ಪಟ್ಟು ಕಡಿಮೆ ಆದರೆ, ಎರಡು ಸುತ್ತಿಗೆ ಹನ್ನೆರಡು ಪಟ್ಟು. 50 ಕೆ.ಜಿ. ತುಂಡನ್ನು ಎರಡು ಬೆರಳಲ್ಲಿ ಹಿಡಿದು ಇಳಿಸಬಹುದು. ಸುತ್ತು ಜಾಸ್ತಿ ಆದರೆ ಹಗ್ಗ ಓಡೋದೇ ಇಲ್ಲ, ಅದೂ ಅಪಾಯ. ಯಾಕೆ ಅನ್ನೋದು ಪಶ್ಚಿಮದ ಕೊಂಬೆಯಲ್ಲಿ ಗೊತ್ತಾಗುತ್ತದೆ.

ಪಶ್ಚಿಮದ ಕೊಂಬೆ

ಪೂರ್ವದ್ದು ಹೋದ ಮೇಲೆ ಮರದಲ್ಲಿ ಪಶ್ಚಿಮದ ಕೊಂಬೆಗಿಂತ ಎತ್ತರದ ಜಾಗವೇ ಉಳಿಯಲಿಲ್ಲ. ಈಗ ಬಳೆ ಕೊಯ್ಯುವ ಜಾಗಕ್ಕಿಂತ ಕೆಳಗೆ. ತುಂಡು ಮೊದಲು ಬೀಳುತ್ತದೆ, ಬಳೆ ದಾಟಿ ಕೆಳಗೆ ಬಂದ ಮೇಲೆ ಹಗ್ಗ ಹಿಡಿಯುತ್ತದೆ. ತೂಗಿಸಿ ಇಳಿಸುವ ಲೆಕ್ಕ ಇಲ್ಲಿ ಪೂರ್ತಿ ಬದಲಾಗುತ್ತದೆ.

50 ಕೆ.ಜಿ. ತುಂಡು ಒಂದು ಮೀಟರ್ ಬಿತ್ತು ಅಂದುಕೊಳ್ಳಿ. ಕೆಳಗಿನವನು ಹಗ್ಗ ಕಟ್ಟಿಹಾಕಿಕೊಂಡು ನಿಂತಿದ್ದಾನೆ, ಹಗ್ಗ 25 ಸೆಂಟಿಮೀಟರ್ ಹಿಗ್ಗಿ ತುಂಡನ್ನು ನಿಲ್ಲಿಸಿತು. ಆ ಕ್ಷಣಕ್ಕೆ ಹಗ್ಗದ ಮೇಲೆ ಬೀಳುವ ಎಳೆತ 500 ಕೆ.ಜಿ., ತೂಕದ ಹತ್ತು ಪಟ್ಟು. ನಮ್ಮ 300ರ ಗಡಿ ಮುಗಿಯಿತು. ಅದೇ ತುಂಡನ್ನು ಕೆಳಗಿನವನು ಒಂದೂವರೆ ಮೀಟರ್ ಜಾರಗೊಟ್ಟು ಮೆಲ್ಲಗೆ ನಿಲ್ಲಿಸಿದರೆ ಸರಾಸರಿ ಎಳೆತ 83 ಕೆ.ಜಿ. ಹಗ್ಗ ಅದೇ, ತುಂಡೂ ಅದೇ, ಬದಲಾದದ್ದು ಕೆಳಗಿನವನ ಕೈ ಮಾತ್ರ. ಹಾಗಾಗಿ ಹಗುರ ಸಾಮಾನು ಇರುವ ತಂಡದಲ್ಲಿ ಎಲ್ಲಕ್ಕಿಂತ ಅನುಭವಿ ಇರಬೇಕಾದದ್ದು ನೆಲದ ಮೇಲೆ. ನಮ್ಮಲ್ಲಿ ಸಾಮಾನ್ಯವಾಗಿ ಹೊಸಬನ ಕೈಗೆ ಹಗ್ಗ ಕೊಟ್ಟು "ಜಗ್ಗು" ಅಂದುಬಿಡುತ್ತಾರೆ.

ಬಳೆಯ ಇನ್ನೊಂದು ದೋಷವೂ ಇಲ್ಲಿ ಕಂಡಿತು. ಉಜ್ಜಾಟ ಜಾಸ್ತಿ ಇರೋದರಿಂದ, ಬೀಳುವ ತುಂಡಿನ ಹೊಡೆತವನ್ನು ಬಳೆಗಿಂತ ಈಚೆಗಿನ ಚಿಕ್ಕ ಹಗ್ಗವೇ ಹೆಚ್ಚು ತಿನ್ನುತ್ತದೆ, ಆಚೆಗಿನ ಉದ್ದ ಹಗ್ಗ ಅಷ್ಟಾಗಿ ಹಿಗ್ಗೋದಿಲ್ಲ. ಅದಕ್ಕೆ ಪೋರ್ಟಾ ರ್ಯಾಪ್‌ನಲ್ಲಿ ಒಂದೇ ಸುತ್ತು ಇಟ್ಟೆವು, ತುಂಡುಗಳನ್ನು 50ರಿಂದ 35ಕ್ಕೆ ಇಳಿಸಿದೆವು. ಬಳೆಯನ್ನು ಕೊಯ್ಯುವ ಗೆರೆಗೆ ಆದಷ್ಟು ಹತ್ತಿರ ಕಟ್ಟಿದೆವು, ಬೀಳುವ ದೂರ ಕಡಿಮೆ ಆಗಲಿ ಅಂತ. ನಾಲ್ಕಾರು ತುಂಡು ಓಡಿದ ಮೇಲೆ ಹುಡುಗ ಬಳೆ ಮುಟ್ಟಿ ಕೈ ಹಿಂದೆ ಎಳೆದುಕೊಂಡ. "ಅಣ್ಣಾ, ಹಂಚಾಗ್ಯದ." ಬಿಸಿಲೂ ಸೇರಿತ್ತು. ನೀರು ಚಿಮುಕಿಸಿ, ಚಹಾ ಕುಡಿಯುವಷ್ಟು ಹೊತ್ತು ಬಿಟ್ಟೆವು.

ನಿಧಾನ ಆಯಿತು, ಅದನ್ನು ಮುಚ್ಚಿಡೋದಿಲ್ಲ. ಭಾರದ ಸಾಮಾನು, ಗಟ್ಟಿ ಮರ, ಬಯಲು ಅಂಗಳ ಇದ್ದರೆ ಇಷ್ಟು ಕಟ್ಟಿಗೆಯನ್ನು ಇದರ ಅರ್ಧ ಹೊತ್ತಲ್ಲಿ ನೆಲಕ್ಕೆ ತರಬಹುದು. ಕೂಲಿ ಲೆಕ್ಕ ಹಾಕುವವರಿಗೆ ಸಣ್ಣ ತುಂಡುಗಳು ಸಿಟ್ಟು ತರಿಸುತ್ತವೆ. ಮಾಸ್ತರಿಗೂ ಒಂದು ಹಂತದಲ್ಲಿ ಬೇಸರ ಬಂತು. ಆದರೆ ಆ ತುಂಡುಗಳನ್ನು ಪಡಸಾಲೆ ದಾಟಿಸಿ ಟಂಟಂವರೆಗೆ ಹೊರಬೇಕಾದದ್ದೂ ಮನುಷ್ಯರೇ. 35 ಕೆ.ಜಿ. ತುಂಡು ಒಬ್ಬ ಹೆಗಲಿಗೆ ಹೊರುತ್ತಾನೆ, 120 ಕೆ.ಜಿ.ಯದ್ದಕ್ಕೆ ಮತ್ತೆ ಗರಗಸ ಹಚ್ಚಬೇಕು. ಕೆಳಗೆ ಹೋಗೋ ಸಮಯವನ್ನು ಮೇಲೇ ಖರ್ಚು ಮಾಡಿದೆವು ಅಷ್ಟೇ.

ಕವಲಿನ ಕೆಳಗಿನ ಕಾಂಡ 50 ಸೆಂಟಿಮೀಟರ್ ದಪ್ಪ. ಅದಕ್ಕೆ ಹಗ್ಗವನ್ನೇ ಹಾಕಲಿಲ್ಲ. ಹಳೇ ಟಯರು, ಮಣ್ಣು ತುಂಬಿದ ಗೋಣಿಚೀಲ ಹಾಸಿ, ಗೇಣೆರಡು ಗೇಣಿನ ಬಿಲ್ಲೆಗಳಾಗಿ ಕೊಯ್ದು ತಳ್ಳಿದೆವು.

ಸಾಮಾನು ವಾಪಸ್ ಬಂದ ಮೇಲೆ

ಹಗ್ಗವನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ, ಅಂಗೈಯಲ್ಲಿ ಹಿಡಿದು ಒಂದು ತುದಿಯಿಂದ ಇನ್ನೊಂದಕ್ಕೆ ಎಳೆದು ನೋಡಿದೆವು. ಗಂಟು ಕೂರುತ್ತಿದ್ದ ತುದಿಯ ಒಂದು ಮೀಟರ್ ಹೊಳಪು ಬಂದು ಬಿರುಸಾಗಿತ್ತು. ಅಷ್ಟು ಕತ್ತರಿಸಿ ತೆಗೆದೆವು. ಬಳೆಗಳ ಒಳಮೈ ಮೇಲೆ ಉಗುರು ಆಡಿಸಿ ನೋಡಿದಾಗ ಒಂದರಲ್ಲಿ ಸಣ್ಣ ಮುರುಕು ಸಿಕ್ಕಿತು. ನಯವಾದ ಮರಳು ಕಾಗದದಿಂದ ಉಜ್ಜಿ ಸರಿಮಾಡಿದೆವು. ಇಳಿಸುವ ಹಗ್ಗ ಹಸಿರು, ಹತ್ತುವ ಹಗ್ಗ ಕೆಂಪು. ಹೊಡೆತ ತಿಂದ ಹಸಿರು ಹಗ್ಗದ ಮೇಲೆ ಮನುಷ್ಯ ಎಂದೂ ತೂಗೋ ಹಾಗಿಲ್ಲ.

ಇನ್ನೊಂದು ಮಾತು, ಇದೇ ಪ್ರಕರಣದಲ್ಲಿ ಎದ್ದದ್ದು. ಕಟ್ಟಡ ಕೆಲಸದ ಹಾರ್ನೆಸ್ ಸಾಕಾಗೋದಿಲ್ವಾ ಅಂತ ಮಾಸ್ತರು ಕೇಳಿದ್ದರು. ಐಎಸ್ 3521 ಅನ್ನೋ ಭಾರತೀಯ ಮಾನಕದ ಗುರುತಿನ ಆ ಹಾರ್ನೆಸ್ ಬೀಳುವವನನ್ನು ಬೆನ್ನ ಮೇಲಿನ ಕೊಂಡಿಯಿಂದ ಹಿಡಿಯುತ್ತದೆ, ಆ ಕೆಲಸಕ್ಕೆ ಅದು ಸರಿ. ಗಂಟೆಗಟ್ಟಲೆ ಕೂತು ಎರಡೂ ಕೈಯಲ್ಲಿ ಗರಗಸ ಹಿಡಿಯೋಕೆ ಸೊಂಟ, ತೊಡೆಗೆ ಆಸರೆ ಕೊಟ್ಟು ಮುಂದಿನಿಂದ ತೂಗುವ ಬೆಲ್ಟ್ ಬೇಕು. ತೂಕ ಉಳಿಸೋದು ಇಲ್ಲಿ ಬೇಡ.

ಅದೇ ವಾರ ಶಹಾಬಜಾರ್ ಕಡೆಯಿಂದ ಒಂದು ಹುಣಸೆ ಮರಕ್ಕೆ ಕರೆ ಬಂತು. ಕಾಂಡ ಗಟ್ಟಿ, ಸೀಳಿಲ್ಲ, ಪಕ್ಕದಲ್ಲಿ ರಸ್ತೆ ಅಗಲ. ಅಲ್ಲಿಗೆ 16ರ ಹಗ್ಗ, ಉಕ್ಕಿನ ರಾಟೆ ಹೋಯಿತು. ಹಗುರದ್ದು ಮನೆಯಲ್ಲೇ ಉಳಿಯಿತು.